ಮಲ್ಲೇಶಣ್ಣ ಮನೆಯಲ್ಲೇ ತುಂಬಿದ ತೋಟಾ

ಗೆಳೆಯರೇ, ಕಿವಿ ಇನ್ನೂ ಗುಂಯ್‌ಗುಡುತ್ತಿದೆ, ನಗು ನಿಲ್ಲುತ್ತಿಲ್ಲ! ಹಾನುಬಾಳಿನ ನಮ್ಮ ಪಕ್ಕದ ಎಸ್ಟೇಟಿನ ಮಲ್ಲೇಶಣ್ಣ, ಕೋವಿಯ ತೋಟಾ ರೇಟು ಮತ್ತೆ ಏರಿತೆಂದು ರೇಗಿ, ಇವತ್ತು ಅಡುಗೆಮನೆಯಲ್ಲಿ ಕೂತು ಖಾಲಿ ತೋಟಾಗಳಿಗೆ ತಾವೇ ಮದ್ದು, ಚರೆ ಎನ್ನುವ ಸೀಸದ ಸಣ್ಣ ಗುಂಡು ತುಂಬಿಬಿಟ್ಟರು.

"ಹಂದಿ ಓಡ್ಸಕ್ಕೆ ಅಂಗಡಿಯೋನಿಗ್ಯಾಕೆ ದುಡ್ಡು ಸುರೀಬೇಕು ಮಾರಾಯ? ಅರ್ಧಕ್ಕರ್ಧ ಉಳೀತೈತೆ, ನೋಡ್ತಿರು!"

ಬೇಲಿಗೆ ಹಳೇ ಡಬ್ಬ ಕಟ್ಟಿ, ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿ, ಗುರಿಯಿಟ್ಟು ಹೊಡೆದರು. ಢಂ! ಅಬ್ಬಾ, ಏನು ಸದ್ದು! ನಾಯಿ ಓಡಿ ಮಂಚದಡಿ ಸೇರಿತು. ಡಬ್ಬದಲ್ಲಿ ಮಾತ್ರ ಒಂದು ತೂತೂ ಇಲ್ಲ. ಹೊಗೆಯ ಜೊತೆ ಎಂಥದೋ ಘಾಟು ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೀನಿದ, ನಾನು ಸೀನಿದೆ, ಮಲ್ಲೇಶಣ್ಣ ಕೋವಿ ಹಿಡಿದುಕೊಂಡೇ ಸೀನಿದರು.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಸಾವಿತ್ರಕ್ಕ ಕೂಗಿದರು: "ರೀ, ಇದ್ಯಾವ ಮೆಣಸು ಇಟ್ಟಿದ್ದೀರಿ? ಸಾರಿಗೆ ಅಂತ ಎಷ್ಟು ಕುಟ್ಟಿದ್ರೂ ಪುಡೀನೇ ಆಗ್ತಿಲ್ಲ ಕಣ್ರೀ!"

ಕಾಳುಮೆಣಸಿನ ಡಬ್ಬಿ, ಚರೆಯ ಡಬ್ಬಿ ಅದಲುಬದಲಾಗಿತ್ತು. ಸದ್ಯ, ಸಾರು ಇನ್ನೂ ಒಲೆ ಏರಿರಲಿಲ್ಲ.

ಮನೆಯಲ್ಲೇ ತುಂಬಿದರೆ ಉಳಿತಾಯ ಎನ್ನುವುದಂತೂ ಸತ್ಯ. ಚರೆ ಒಂದೂ ಖರ್ಚಾಗಿಲ್ಲ, ಪೂರ್ತಿ ಕುಟ್ಟಾಣಿಯಲ್ಲೇ ಇದೆ.