ದಪ್ಪ ವೈರು, ಒಂದು ಸೈಡು

ಟಪ್. ಆಮೇಲೆ ಚರಚರ, ಚರಚರ.

ರೆಕಾರ್ಡಿನ ಮೇಲೆ ಮುಳ್ಳು ಇಳಿದು ಹಾಡು ಶುರುವಾಗುವ ಮುಂಚಿನ ಆ ಸದ್ದು ನೆನಪಾದರೆ ಈಗಲೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೊರಿವಲಿಯ ನಳಿನಿಯ ಮನೆಯಲ್ಲಿ ಅದು ಕಾನೂನು. ಮುಳ್ಳು ಇಳಿದ ಮೇಲೆ ಯಾರಾದರೂ ತುಟಿ ಬಿಚ್ಚಿದರೆ ನಮ್ಮ ಕಾನ್ವೆಂಟಿನ ಸಿಸ್ಟರ್ ದನಿಯಲ್ಲಿ "ಗರ್ಲ್ಸ್, ಸೈಲೆನ್ಸ್" ಅನ್ನುತ್ತಿದ್ದಳು. (ಎದುರಿಗೆ ಕೂತವರು ನಮ್ಮಿಬ್ಬರ ಗಂಡಂದಿರಾದರೂ ಸರಿ.)

ಬೆಂಗಳೂರಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಮದುವೆ ಇಬ್ಬರನ್ನೂ ಮುಂಬೈಗೆ ತಂದು ಅವಳನ್ನು ವೆಸ್ಟರ್ನ್ ಲೈನಿಗೆ, ನನ್ನನ್ನು ಸೆಂಟ್ರಲ್ ಲೈನಿಗೆ ಹಾಕಿತು. ಮುಲುಂಡ್‌ನಿಂದ ಹೊರಟು, ದಾದರ್‌ನಲ್ಲಿ ಇಳಿದು, ಬ್ರಿಜ್ ಹತ್ತಿ, ಮತ್ತೆ ಇನ್ನೊಂದು ಲೋಕಲ್ ಟ್ರೇನು. ಹಾಗಾಗಿ ಅವಳ ಮನೆಯಲ್ಲಿ ನಾನು ಕೂರುತ್ತಿದ್ದದ್ದು ಕುರ್ಚಿಯ ಅಂಚಿನಲ್ಲಿ, ಕಣ್ಣು ಗಡಿಯಾರದಲ್ಲಿ. ಒಂದು ರೆಕಾರ್ಡಿನ ಒಂದು ಸೈಡ್ ಪೂರ್ತಿ ಕೇಳಿದ ನೆನಪು ನನಗಿಲ್ಲ.

ಈ ವರ್ಷ ನಳಿನಿ ಬಿದ್ದು ಸೊಂಟ ಮುರಿದುಕೊಂಡಳು. ಒಳರೂಮಿನಲ್ಲಿ ಮಂಚ. ಮಗ ಅಜಯ್ ಸ್ಪೀಕರ್ ಎರಡನ್ನೂ ಒಳಗೆ ತಂದಿಟ್ಟ. ಪ್ಲೇಯರ್, ಆಂಪ್ಲಿಫೈಯರ್ ಹಾಲಿನಲ್ಲೇ ಉಳಿದವು. ನಡುವೆ ಗೋಡೆಗುಂಟ, ಬಾಗಿಲು ದಾಟಿ, ನೂಲಿನಂಥ ಒಂದು ವೈರು.

"ಹಾಡೋರು ಪಕ್ಕದ ಬಿಲ್ಡಿಂಗ್‌ನಲ್ಲಿ ಇದ್ದ ಹಾಗಿದೆ ಕಣೇ ಲಲಿತಾ," ಅಂತ ಫೋನ್. ಆಮೇಲೆ ದನಿ ತಗ್ಗಿಸಿ, "ಸೋಮವಾರ ಸೆಟ್ ನೋಡಕ್ಕೆ ಯಾರೋ ಬರ್ತಾರಂತೆ. ಹೇಗೂ ನಿನಗೆ ಸರಿ ಕೇಳ್ತಿಲ್ಲ, ಮಾರಿಬಿಡೋಣ ಅಂತಾನೆ ಅಜಯ್. ಬ್ಲೂಟೂತ್ ಒಂದು ತಂದಿದ್ದಾನೆ. ಹಾಡೋ ಸೋಪ್‌ಬಾಕ್ಸ್."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಸೆಟ್ ಹೋದರೆ ಅವಳಿಗೆ ಆ ರೂಮಿನಲ್ಲಿ ಇನ್ನೇನು ಉಳಿಯಿತು, ಫ್ಯಾನ್?

ದಪ್ಪ ವೈರು ಹಾಕಿದರೆ ಸೌಂಡ್ ಸುಧಾರಿಸುತ್ತದೆಂದು ಎಲ್ಲೋ ಓದಿದ್ದೆ. ಭಾನುವಾರ ಬೆಳಿಗ್ಗೆ ಬೆರಳುಗಾತ್ರದ ವೈರಿನ ಸುರುಳಿಯನ್ನು ತೋಳಿಗೆ ಬಳೆಯ ಹಾಗೆ ಹಾಕಿಕೊಂಡು ಹೊರಟೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಕೇಳಿಯೇಬಿಟ್ಟಳು: "ಆಂಟಿ, ಘರ್ ಕಾ ವೈರಿಂಗ್ ಖುದ್ ಕರೋಗೆ ಕ್ಯಾ?" (ಮನೆ ವೈರಿಂಗ್ ನೀವೇ ಮಾಡ್ತೀರಾ ಅಂತ.)

ಅಜಯ್ ಬಾಗಿಲಲ್ಲೇ ತಡೆದ. "ಆಂಟಿ, ವೈರ್ ಈಸ್ ವೈರ್. ನಾನು ಚೆಕ್ ಮಾಡಿದೆ ನಾ. ಒಂದೇ ರೂಮಲ್ಲಿ ಇದ್ರೆ ಝೀರೋ ಡಿಫರೆನ್ಸ್. ಲಂಬಾ ಹೋದ್ರೆ ಥೋಡಾ ಸಾ."

"ಹಾಲಿಂದ ಒಳರೂಮಿನ ತನಕ, ಇದು ಲಂಬಾ ಅಲ್ವೇನೋ?"

"ಇಷ್ಟು ಲಂಬಾ ಅಲ್ಲ."

"ಹಾಕು. ಚೆನ್ನಾಗಿ ಕೇಳಿಸದಿದ್ರೆ ನಾಳೆ ಮಾರು, ನಾನು ಅಡ್ಡ ಬರಲ್ಲ."

ಹಾಕಿದ, ಗೊಣಗುತ್ತಲೇ. ಟಪ್. ಚರಚರ. ಆಮೇಲೆ ಹಾಡು. ನಿಜ ಹೇಳುತ್ತೇನೆ, ಪಕ್ಕದ ಬಿಲ್ಡಿಂಗಿನಿಂದ ಆ ಹಾಡುವ ಹೆಂಗಸು ಎದ್ದು ಬಂದು ಮಂಚದ ಕಾಲ ಬಳಿ ನಿಂತಳು. ನಳಿನಿ ಕಣ್ಣು ಮುಚ್ಚಿದಳು. ನಾನು ಅಜಯ್ ಕಡೆ ಗೆದ್ದವಳ ಹಾಗೆ ನೋಡಿದೆ.

ಅವನು ನನ್ನನ್ನು ಪ್ಯಾಸೇಜಿಗೆ ಕರೆದು, ಬಿಚ್ಚಿದ ಹಳೇ ವೈರು ಕೈಯಲ್ಲಿ ಹಿಡಿದು ಪಿಸುಗುಟ್ಟಿದ. "ಆಂಟಿ, ನಿಮ್ ವೈರ್ ಅಲ್ಲ. ನಂದೇ ಮಿಸ್ಟೇಕ್. ಒಂದು ಸ್ಪೀಕರ್‌ಗೆ ಕೆಂಪು ಕಪ್ಪು ಉಲ್ಟಾ ಹಾಕಿದ್ದೆ. ಒಂದು ಮುಂದೆ ತಳ್ಳಿದ್ರೆ ಇನ್ನೊಂದು ಹಿಂದೆ ಎಳೀತಿತ್ತು. ಈ ಪತ್ಲಾ, ತೆಳು ವೈರ್‌ನೇ ಸೀಧಾ ಹಾಕಿದ್ರೂ ಹಿಂಗೇ ಬರ್ತಿತ್ತು." ಆಮೇಲೆ, ನನ್ನ ಮುಖ ನೋಡಿಯೋ ಏನೋ, "ಸೆಟ್ ಇರ್ಲಿ. ನಾಳೆ ಬರೋವನಿಗೆ ಬರಬೇಡ ಅಂತೀನಿ."

ಎಷ್ಟು ಮನೆಗಳಲ್ಲಿ ಹೀಗೆಯೇ ದಪ್ಪದ್ದು, ದುಬಾರಿಯದು ತಂದು, ಹಾಕುವಾಗ ಅಕಸ್ಮಾತ್ ಹಳೇ ತಪ್ಪು ಸರಿಹೋಗಿ, ಎಲ್ಲ ಕ್ರೆಡಿಟ್ಟೂ ದಪ್ಪಕ್ಕೆ ಹೋಗಿದೆಯೋ. (ಬರೀ ವೈರಿನ ವಿಷಯ ಅಂದುಕೊಳ್ಳಬೇಡಿ.)

ಒಳಗೆ ಹೋದೆ. ಟ್ರೇನಿಗೆ ಹೊತ್ತಾಗಿತ್ತು. ಪರ್ಸ್ ಎತ್ತಿಕೊಳ್ಳಲು ಬಗ್ಗಿದರೆ ಅದರ ಬೆಲ್ಟು ನಳಿನಿಯ ಮುಷ್ಟಿಯಲ್ಲಿ.

"ನೀನು ಹೇಳಿದ್ದೇ ಸರಿ ಕಣೇ," ಅಂದಳು, ತನ್ನ ಕಾನೂನು ತಾನೇ ಮುರಿದು. "ದಪ್ಪ ವೈರಿಂದಲೇ ಇದು. ತಂದವಳು ಕೂತು ಕೇಳದೆ ಹೋಗ್ತಾಳಾ?"

ಸ್ಕೂಲಿನಿಂದ ಇವತ್ತಿನವರೆಗೆ ನಾನು ಸರಿ ಅಂತ ಅವಳು ಒಪ್ಪಿದ್ದು ಅದೇ ಮೊದಲು. ನಿಜ ಹೇಳಲು ಮನಸ್ಸು ಬರಲಿಲ್ಲ. ಕೂತೆ. ಕಾಲು ಕುಣಿಯುತ್ತಿತ್ತು, ಕಣ್ಣು ವಾಚಿನತ್ತ ಎಳೆಯುತ್ತಿತ್ತು. ಆದರೂ ಒಂದು ಸೈಡ್ ಪೂರ್ತಿ ಮುಗಿಯಿತು.

ಮುಳ್ಳು ಎದ್ದ ಮೇಲೆ ನಳಿನಿ ಒಂದು ಕಣ್ಣು ತೆರೆದಳು. "ಕೆಂಪು ಕಪ್ಪು ಉಲ್ಟಾ ಹಾಕಿದ್ನಂತೆ, ದಡ್ಡ."

"ನಿನಗೆ ಕೇಳಿಸ್ತಾ?"

"ಮುರಿದಿರೋದು ಸೊಂಟ. ಕಿವಿ ಅಲ್ಲ." ಬೆಲ್ಟು ಬಿಟ್ಟಳು. "ಹೊರಡು ಈಗ, ದಾದರ್‌ನಲ್ಲಿ ನಿಧಾನ."

ನಳಿನಿಯನ್ನು ನಾನು ನೋಡಿದ್ದು ಅದೇ ಕೊನೆ. ಅಲ್ಲಾ, ನನ್ನನ್ನು ಒಂದು ಸೈಡ್ ಕೂರಿಸಲಿಕ್ಕೆ "ನೀನೇ ಸರಿ" ಅನ್ನುವ ಆ ಸುಳ್ಳು ಬೇಕಿತ್ತೇ?