ಮೊದಲು ಗುಂಡಿ ಒತ್ತಿದವಳು

ನಮ್ಮೂರು ತ್ಸಿಕೊಪೆಗೆ ಹೊಸದಾಗಿ ಏನೇ ಬರಲಿ, ಅದಕ್ಕೆ ಮೊದಲ ಕೈ ಹಚ್ಚುವವರು ದೊಡ್ಡವರು. ಬಳಸುವವರ ಸರದಿ ಆಮೇಲೆ. ಆರು ವರ್ಷದ ಹಿಂದೆ ಶಾಲೆಯ ಪಕ್ಕದಲ್ಲಿ ಬೋರ್‌ವೆಲ್ ಕೊರೆಸಿ, ಕೈಪಂಪಿಗೆ ಸರಪಳಿ ಸುತ್ತಿ ಬೀಗ ಜಡಿದರು. ಅದನ್ನು ಉದ್ಘಾಟಿಸಬೇಕಾದ ಮಹಾಶಯರಿಗೆ ಬಿಡುವಾಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕೂ ತಿಂಗಳು ನಮ್ಮ ಹೆಂಗಸರು ತಲೆಯ ಮೇಲೆ ಬೇಸಿನ್ ಹೊತ್ತು, ಹೊಸ ಪಂಪಿನ ಮುಂದೆಯೇ ಹಾದು, ಮೈಲಿ ದೂರದ ತೊರೆಗೆ ಹೋಗಿ ನೀರು ತಂದರು. ಬೀಗದ ಮೇಲೆ ಒಬ್ಬರೂ ಕಲ್ಲು ಹಾಕಲಿಲ್ಲ. ಇದನ್ನು ನಾವು ಮರ್ಯಾದೆ ಎನ್ನುತ್ತೇವೆ. ಮೈಲಿ ದೂರದಿಂದ ನೀರು ಹೊತ್ತವರನ್ನು ಕೇಳಿದರೆ ಬೇರೆ ಹೆಸರು ಹೇಳಿಯಾರು, ಆದರೆ ಅವರನ್ನು ಕೇಳುವವರು ಯಾರು?

ಇಂಥ ಊರಿನ ಶಾಲೆಯಲ್ಲಿ ಅಕ್ಪೆನೆ ಒಂಬತ್ತು ವರ್ಷ ಕಂಪ್ಯೂಟರ್ ಪಾಠ ಮಾಡಿದಳು. ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅವಳಿಗಂತೂ ವಿದ್ಯೆ ಇತ್ತು. ಹರೆಯದಲ್ಲಿ ಹೋ ಪಟ್ಟಣದಲ್ಲಿ, ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಆರು ವರ್ಷ ದುಡಿದವಳು. ಅಲ್ಲಿ ಅರ್ಜಿ ಬೆರಳಚ್ಚು ಮಾಡುವುದರ ಜೊತೆಗೆ, ಕೆಟ್ಟು ನಿಂತ ಕಂಪ್ಯೂಟರ್ ಬಿಚ್ಚಿ ಧೂಳು ಕೊಡವಿ ಮತ್ತೆ ಓಡಿಸುವುದನ್ನೂ ಕಲಿತಿದ್ದಳು. ತಾಯಿಗೆ ಕಣ್ಣು ಹೋದಾಗ ಊರಿಗೆ ಮರಳಿದಳು. ಶಾಲೆಯವರು ತಾತ್ಕಾಲಿಕ ಎಂದು ಸೇರಿಸಿಕೊಂಡರು. ಪ್ರತಿ ಸೆಪ್ಟೆಂಬರಿನಲ್ಲಿ ನೇಮಕದ ಒಂದು ಹೊಸ ಕಾಗದ, ಪ್ರತಿ ಜುಲೈನಲ್ಲಿ ಅದರ ಸಾವು. ಆಗಸ್ಟಿನಲ್ಲಿ ಸಂಬಳವಿಲ್ಲ, ಮುಂದಿನ ಕಾಗದ ಬರುತ್ತದೆಂಬ ಭರವಸೆಯೂ ಇಲ್ಲ.

ಹೋ ಪಟ್ಟಣದ ಗುಜರಿಯಿಂದ ಅವಳು ಹಲ್ಲುದುರಿದ ಒಂದು ಕೀಲಿಮಣೆ, ಬಾಲ ಕತ್ತರಿಸಿದ ಒಂದು ಮೌಸ್ ತಂದಿದ್ದಳು. ನಲವತ್ತು ಮಕ್ಕಳು ಸಾಲಾಗಿ ಬಂದು ಆ ಕೀಲಿಮಣೆಯ ಮೇಲೆ ತಂತಮ್ಮ ಹೆಸರು ಒತ್ತಿ ಹೋಗುತ್ತಿದ್ದರು. ಒತ್ತಿದ ಅಕ್ಷರ ಎಲ್ಲೂ ಮೂಡುತ್ತಿರಲಿಲ್ಲ. ಆದರೂ ಮಕ್ಕಳು ತಪ್ಪು ಒತ್ತಿದರೆ ಅವಳು ಗದರುತ್ತಿದ್ದಳು, ಮಕ್ಕಳು ಹೆದರುತ್ತಿದ್ದರು. ನಗುವವರು ನಗಲಿ. ನಮ್ಮ ಮಕ್ಕಳು ಹತ್ತೂ ಬೆರಳಿನಲ್ಲಿ ಒತ್ತುವುದನ್ನು ಕಲಿತದ್ದು ಹಾಗೆ.

ಒಂಬತ್ತನೆಯ ವರ್ಷ ರಾಜಧಾನಿ ಅಕ್ರಾದಿಂದ ತಮಾಕ್ಲೊ ಎಂಬವರ ಪತ್ರ ಬಂತು. ಅವರ ತಾಯಿ ನಮ್ಮೂರ ಮಗಳು, ಅವರಿಗೆ ಅಕ್ರಾದಲ್ಲಿ ಸಿಮೆಂಟಿನ ವ್ಯಾಪಾರ. ತಾಯಿಯ ನೆನಪಿಗೆ ಶಾಲೆಗೊಂದು ಹೊಸ ಕಂಪ್ಯೂಟರ್ ಕೊಡುತ್ತೇನೆ, ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ವರ್ಷದ ಹನ್ನೆರಡೂ ತಿಂಗಳ ಸಂಬಳ ನಾನೇ ಕೊಡುತ್ತೇನೆ ಎಂದು ಬರೆದಿದ್ದರು. ಹೆಡ್‌ಮಾಸ್ಟರ್ ಕ್ಪೊಡೊ ಅಕ್ಪೆನೆಯನ್ನು ಕರೆದು ಆ ಪತ್ರ ತೋರಿಸಿದರು.

"ನಿಮ್ಮ ಹೆಸ್ರೇ ಬರ್ದಿಟ್ಟಿದೀನಿ ಮೇಡಂ. ಆ ದಿನ ಒಂದು ಚೆನ್ನಾಗಿ ಕಳೀಲಿ, ಎಲ್ಲರ ಮುಂದೆ ಓದಿಬಿಡ್ತೀನಿ."

ಜುಲೈ ಬಂದರೂ ನಿಲ್ಲದ ಸಂಬಳ. ಅಕ್ಪೆನೆ ಮನೆಗೆ ಹೋಗಿ ತಾಯಿಗೆ ಹೇಳಿದಾಗ ಆ ಮುದುಕಿ ಮಗಳ ಎರಡೂ ಕೈಗಳನ್ನು ತಡವಿ ನೋಡಿದಳಂತೆ.

ಕಂಪ್ಯೂಟರ್ ಬಂತು. ಏಳು ವಾರ ಹೆಡ್‌ಮಾಸ್ಟರರ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯ ಒಳಗೇ ಕೂತಿತ್ತು. ತಮಾಕ್ಲೊ ಬಂದು ಗುಂಡಿ ಒತ್ತುವವರೆಗೆ ಯಾರೂ ಅದನ್ನು ಹಚ್ಚುವಂತಿರಲಿಲ್ಲ. ಅಕ್ರಾದಿಂದ ಇಲ್ಲಿಯವರೆಗಿನ ರಸ್ತೆ ಎಂಥದೆಂದು ಅಕ್ಪೆನೆಗೆ ಗೊತ್ತು. ಆ ಕುಲುಕಾಟಕ್ಕೆ ಮನುಷ್ಯರ ಮೂಳೆಯೇ ಸಡಿಲವಾಗುವಾಗ ಇದರ ಒಳಗಿನ ಬಿಡಿಭಾಗಗಳ ಗತಿಯೇನು? ಒಮ್ಮೆ ಹಚ್ಚಿ ನೋಡೋಣ ಎಂದು ಅವಳು ಮೂರು ಸಲ ಕೇಳಿದಳು. ಮೂರನೆಯ ಸಲ ಹೆಡ್‌ಮಾಸ್ಟರರು ತಾಳ್ಮೆ ಕಳೆದುಕೊಂಡರು.

"ನಮ್ಮಲ್ಲಿ ಎಂಟನೇ ದಿನಕ್ಕೆ ಮುಂಚೆ ಕೂಸನ್ನ ಹೊಸ್ತಿಲಾಚೆ ತರ್ತಾರಾ ಮೇಡಂ? ನಿಮಗೆ ನಾನು ಹೇಳ್ಕೊಡ್ಬೇಕಾ?"

ಸಮಾರಂಭದ ಹಿಂದಿನ ಸಂಜೆ ಅವಳಿಗೆ ಪೆಟ್ಟಿಗೆ ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಲು ಅಪ್ಪಣೆಯಾಯಿತು, ಹಚ್ಚಲು ಅಲ್ಲ. ಅವಳು ಒಬ್ಬಳೇ ಕೂತು ಜೋಡಿಸಿದಳು. ಪರದೆಯ ವಯರು ಸಿಗಿಸಲು ಯಂತ್ರದ ಬೆನ್ನಿನಲ್ಲಿ ಒಂದೇ ಆಕಾರದ ಎರಡು ಕಂಡಿಗಳಿದ್ದವು, ಮೇಲೊಂದು, ಕೆಳಗೊಂದು. ಚಿತ್ರ ಬರುವುದು ಕೆಳಗಿನದರಿಂದ. ಮೇಲಿನದಕ್ಕೆ ಯಾರೂ ಕೈ ಹಾಕದಿರಲೆಂದು ಕಂಪನಿಯವರೇ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿ ಕಳಿಸಿದ್ದರು. ಅವಳು ಕೆಳಗಿನದಕ್ಕೆ ಸಿಗಿಸಿದಳು. ಆಮೇಲೆ ಕೈ ಕಟ್ಟಿ ಕೂತಳು. ಇದು ಹತ್ತದಿದ್ದರೆ ಸರಿಮಾಡಲು ಈ ಸಂಜೆ ಮಾತ್ರ ಇದೆ, ನಾಳೆ ಇಡೀ ಊರಿನ ಎದುರು ಏನು ಮಾಡಲಾದೀತು? ಎದ್ದು ಕಿಟಕಿ ಮುಚ್ಚಿ ಬಂದು ಗುಂಡಿ ಒತ್ತಿದಳು.

ಪರದೆ ಬೆಳಗಿತು. ಅವಳಿಗೆ ಅಳು ಬಂತು. ಎರಡು ನಿಮಿಷ ನೋಡಿ ಆರಿಸಿದಳು. ಕೋಣೆಗೆ ಬೀಗ ಹಾಕಿ ಕೀಲಿಯನ್ನು ಹೆಡ್‌ಮಾಸ್ಟರರ ಮನೆಗೆ ಕೊಟ್ಟು ಬಂದಳು. ಯಾರಿಗೂ ಏನೂ ಹೇಳಲಿಲ್ಲ.

ಮರುದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ, ಡೋಲು, ಒಂದೇ ಬಣ್ಣದ ಬಟ್ಟೆ ತೊಟ್ಟ ಹೆಂಗಸರ ಹಾಡು. ಊರಿನ ಮುಖ್ಯಸ್ಥ ತೊಗ್ಬೆ ಕೊಡೆಯ ಕೆಳಗೆ ಕೂತಿದ್ದ. ಮೇಜನ್ನು ಅಂಗಳಕ್ಕೇ ತಂದಿದ್ದರು. ಅದರ ಮೇಲೆ ಹೆಡ್‌ಮಾಸ್ಟರರ ಹೆಂಡತಿ ಬೆಳಗ್ಗೆ ಬೆಳಗ್ಗೆಯೇ ತನ್ನ ಮದುವೆಯ ಕಾಲದ ಜಾಲರಿ ಬಟ್ಟೆ ಹಾಸಿದ್ದಳು. ಹಾಸಬೇಕಾದರೆ ಯಂತ್ರವನ್ನು ಎತ್ತಿರಬೇಕು, ವಯರು ಕಿತ್ತಿರಬೇಕು. ಆ ಮಾತು ಅಕ್ಪೆನೆಗೆ ಹೊಳೆದದ್ದು ಆಮೇಲೆ.

ತೊಗ್ಬೆಯ ಬಾಯಾಗಿ ಮಾತಾಡುವವನು ಚಿಯಾಮಿ. ಅವನು ಕೋಲು ಹಿಡಿದು ಎದ್ದು ನಿಂತು, ನೆಲಕ್ಕೆ ಜಿನ್ ಮದ್ಯ ಹೊಯ್ಯುತ್ತ ತೀರಿಹೋದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದ. ಇಂದಿನವರೆಗೆ ಇದರ ಮುಖವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, ಮೊದಲು ನೀವು ನೋಡಿ, ಆಮೇಲೆ ನಮ್ಮ ಮಗಳ ಮಗ ನೋಡಲಿ, ಆಮೇಲೆ ನಾವು ಎಂದ. ಹಿಂದೆ ಮಕ್ಕಳ ಜೊತೆ ನಿಂತಿದ್ದ ಅಕ್ಪೆನೆ ತಲೆ ತಗ್ಗಿಸಿದಳು.

ತಮಾಕ್ಲೊ ಗುಂಡಿ ಒತ್ತಿದರು. ಒಳಗೆ ಫ್ಯಾನು ಗುಂಯ್ ಎಂದಿತು, ಹಸಿರು ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಇನ್ನೊಮ್ಮೆ ಒತ್ತಿದರು. ಕಪ್ಪು. ಹೆಂಗಸರಿಗೆ ಮತ್ತೊಂದು ಹಾಡು ಹಾಡಲು ಸನ್ನೆಯಾಯಿತು. ಹೆಡ್‌ಮಾಸ್ಟರರ ಭಾವಮೈದ ಪ್ರಾಸ್ಪರ್ ಬಿಳಿ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದ. ಮೊಬೈಲ್ ಕಾರ್ಡು ಮಾರುವ ಹುಡುಗ, ಮುಖದಲ್ಲಿ ಮಾತ್ರ ಇಂಜಿನಿಯರನ ಕಳೆ. ಪರದೆಯ ಬೆನ್ನಿಗೆ ಎರಡು ತಟ್ಟಿ, ಮುಂದೆ ಬಗ್ಗಿ ಮೂಸಿ, ಕರೆಂಟು ಹೆಚ್ಚಾಗಿ ಒಳಗೆ ಸುಟ್ಟುಹೋಗಿದೆ ಎಂದು ತೀರ್ಪು ಕೊಟ್ಟ. ತಮಾಕ್ಲೊ ಮುಖ ಕಪ್ಪಿಟ್ಟಿತು. ಮಾರಿದವನು ತನಗೆ ಮೋಸ ಮಾಡಿದ್ದಾನೆ, ಇದನ್ನು ಈಗಲೇ ಗಾಡಿಗೆ ಹಾಕಿ, ಮುಂದಿನ ವರ್ಷ ನೋಡೋಣ ಎಂದರು.

ಮುಂದಿನ ವರ್ಷ. ಅಕ್ಪೆನೆ ಮಕ್ಕಳನ್ನು ಸರಿಸಿ ಒಂದು ಹೆಜ್ಜೆ ಮುಂದಿಟ್ಟಳು. ಅದೇ ಹೊತ್ತಿಗೆ ಮೇಜಿನ ಕಾಲ ಬಳಿ, ಕೆಂಪು ಮಣ್ಣಿನ ಮೇಲೆ ಬಿದ್ದಿದ್ದ ಬೆರಳಗಲದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಅವಳ ಕಣ್ಣಿಗೆ ಬಿತ್ತು. ಯಾರೋ ಅದನ್ನು ಕಿತ್ತು, ವಯರನ್ನು ಮೇಲಿನ ಕಂಡಿಗೆ ತುರುಕಿದ್ದಾರೆ. ಅಷ್ಟೇ ಕತೆ. ಎರಡು ಬೆರಳಿನ ಕೆಲಸ.

ಅವಳು ಮುಂದೆ ಬಂದು, ವಯರು ಬದಲಿಸಬೇಕು ಎಂದು ಹೆಡ್‌ಮಾಸ್ಟರರ ಕಿವಿಯಲ್ಲಿ ಹೇಳಿದಳು. ದೊಡ್ಡವರ ಮುಂದೆ ನಡುವೆ ಬಾಯಿ ಹಾಕಬೇಡಿ ಎಂದು ಅವರು ಹಲ್ಲು ಕಚ್ಚಿದರು. ತಮಾಕ್ಲೊಗೆ ಕೇಳಿಸಿತು, ಮಾಡಲಿ ಬಿಡಿ ಎಂದರು. ಅಕ್ಪೆನೆ ಜಾಲರಿ ಬಟ್ಟೆ ಸರಿಸಿ, ವಯರನ್ನು ಮೇಲಿನಿಂದ ಕಿತ್ತು ಕೆಳಗೆ ಸಿಗಿಸಿದಳು. ಪರದೆ ಬೆಳಗಿತು. ಮಕ್ಕಳು ಕೂಗಿದ ಕೂಗಿಗೆ ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು. ಫೋಟೊದವನಿಗಾಗಿ ತಮಾಕ್ಲೊ ಇನ್ನೊಮ್ಮೆ ಗುಂಡಿಯ ಮೇಲೆ ಬೆರಳಿಟ್ಟು ನಕ್ಕರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಹೆಡ್‌ಮಾಸ್ಟರರ ಹೆಂಡತಿಗೆ ಎಲ್ಲರ ಕಣ್ಣೂ ತನ್ನ ಬಟ್ಟೆಯ ಮೇಲೆ ಬಿದ್ದಂತೆ ಅನಿಸಿರಬೇಕು. ಪಕ್ಕದವಳಿಗೆ ಹೇಳುವ ಹಾಗೆ, ಊರಿಗೆಲ್ಲ ಕೇಳುವ ಹಾಗೆ ಅಂದಳು:

"ನಿನ್ನೆ ಜೋಡ್ಸಿದ್ದು ಇವ್ಳೇ ಅಲ್ವೇನೇ? ತಾನೇ ತಪ್ಪು ಚುಚ್ಚಿಟ್ಟು, ಈಗ ತಾನೇ ಸರಿ ಮಾಡ್ದೆ ಅಂತ ಮೆರೀತಾಳೆ."

ಅಕ್ಪೆನೆ ಸಹಿಸಬಹುದಿತ್ತು. ಒಂಬತ್ತು ವರ್ಷ ಏನೇನು ಸಹಿಸಿರಲಿಲ್ಲ? ಆದರೆ ಅವಳಿಗಿದ್ದ ಆಸ್ತಿಯೆಂದರೆ ಆ ಒಂದು ಕೈಕಸುಬು. ಅದಕ್ಕೇ ಹೆಸರಿಟ್ಟರೆ ಯಾರು ಸುಮ್ಮನಿರುತ್ತಾರೆ?

"ನಾನು ಬಿಟ್ಟು ಹೋದಾಗ ಚೆನ್ನಾಗೇ ಉರೀತಿತ್ತು," ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡೋಲಿನವನ ಕೈ ನಿಂತಿತು. ಚಿಯಾಮಿ ಜಿನ್ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ. ಯಾರೂ ಇದರ ಮುಖ ಕಂಡಿಲ್ಲ ಎಂದು ಅವನು ಹಿರಿಯರಿಗೆ ಹೇಳಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಹೊಯ್ದ ಜಿನ್ನಿನ ಒದ್ದೆ ಮಣ್ಣಿನಲ್ಲಿ ಹಾಗೇ ಇತ್ತು.

"ಏನು ಉರೀತಿತ್ತು ಮೇಡಂ? ಇನ್ನೊಂದ್ಸಲ ಹೇಳಿ. ತೊಗ್ಬೆಗೆ ಕೇಳಿಸ್ಲಿಲ್ಲ," ಎಂದ ಚಿಯಾಮಿ.

ತೊಗ್ಬೆಗೆ ಚೆನ್ನಾಗಿ ಕೇಳಿಸಿತ್ತು. ಇನ್ನೊಮ್ಮೆ ಹೇಳಿ ಎನ್ನುವುದು ನಮ್ಮಲ್ಲಿ ನುಂಗಿಕೊಳ್ಳಲು ಕೊಡುವ ಅವಕಾಶ. ಏನಿಲ್ಲ ತಾತಾ, ನನ್ನ ಹೊಟ್ಟೆ ಉರೀತಿತ್ತು ಅಂದೆ ಎಂದಿದ್ದರೂ ಜನ ನಕ್ಕು ಬಿಡುತ್ತಿದ್ದರು. ಅಕ್ಪೆನೆ ತಮಾಕ್ಲೊ ಮುಖ ನೋಡಿದಳು, ಹೆಡ್‌ಮಾಸ್ಟರರ ಹೆಂಡತಿಯ ಮುಖ ನೋಡಿದಳು.

"ನಿನ್ನೆ ಸಂಜೆ ನಾನೇ ಹಚ್ಚಿ ನೋಡ್ದೆ. ಎರಡು ನಿಮಿಷ. ಕೆಟ್ಟಿದ್ರೆ ಸರಿ ಮಾಡೋಣ ಅಂತ."

ತಮಾಕ್ಲೊ ನಗು ಬಿಡಲಿಲ್ಲ, ಆದರೆ ಗುಂಡಿಯ ಮೇಲಿದ್ದ ಬೆರಳನ್ನು ತೆಗೆದರು. ಇನ್ನೊಬ್ಬರು ಉಂಡೆದ್ದ ಎಲೆಯ ಮುಂದೆ ಕೂರಿಸಿದಂತಾಗಿತ್ತು ಅವರಿಗೆ. ಹೆಡ್‌ಮಾಸ್ಟರರು ಜೇಬಿನಿಂದ ಚೀಟಿ ತೆಗೆದು, ನೋಡಿಕೊಳ್ಳುವವರ ಹೆಸರು ಓದಿದರು. ಪ್ರಾಸ್ಪರ್ ಎಂದರು. ಚೀಟಿಯಲ್ಲಿ ಏನು ಬರೆದಿತ್ತೋ ಅವರಿಗೇ ಗೊತ್ತು. ಚಪ್ಪಾಳೆಯಾಯಿತು. ಅಕ್ಪೆನೆ ಆ ಚಪ್ಪಾಳೆ ಮುಗಿಯುವವರೆಗೂ ಅಲ್ಲೇ, ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ.

ಸೋಮವಾರ ತೊಗ್ಬೆಯ ಅಂಗಳದಲ್ಲಿ ವಿಚಾರಣೆ. ಅವಳು ಮೊಣಕಾಲೂರಿ ಕೂತಳು, ಅವಳ ಪರವಾಗಿ ಸೋದರಮಾವ ಮಾತಾಡಿದ. ಯಂತ್ರ ಹತ್ತದೇ ಹೋಗಿದ್ದರೆ ಊರಿಗೇ ಅವಮಾನವಾಗುತ್ತಿತ್ತಲ್ಲ, ಅವಳು ನೋಡಿದ್ದು ಒಳ್ಳೆಯದಕ್ಕೇ ಎಂದ. ಚಿಯಾಮಿ ಸಿಟ್ಟಾಗಲಿಲ್ಲ, ಸಮಾಧಾನವಾಗಿಯೇ ಹೇಳಿದ.

"ಹತ್ತದೇ ಇದ್ರೆ ಹತ್ತುತ್ತಿರ್ಲಿಲ್ಲ, ಅಷ್ಟೇ. ಅದು ಮಾರಿದೋನ ತಪ್ಪು. ಆದ್ರೆ ಹಿರಿಯರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೋಳು ನೀನು, ಮಗಳೇ."

ನಾನೂ ಅಂದು ಅಲ್ಲೇ ಕೂತಿದ್ದೆ. ಒಂದು ಕುರಿ, ಎರಡು ಬಾಟಲಿ ಜಿನ್ ದಂಡ ಎಂದು ತೀರ್ಮಾನವಾಯಿತು. ಕುರಿ ಅವಳ ತಾಯಿಯದು. ಕಣ್ಣಿಲ್ಲದ ಮುದುಕಿ ದಿನಾ ಕೈಯಾರೆ ಗೆಣಸಿನ ಸಿಪ್ಪೆ ತಿನ್ನಿಸಿ ಸಾಕಿದ್ದು. ನಾವೆಲ್ಲ ತಿಂದೆವು. ಮಾಂಸ ಮೆತ್ತಗಿತ್ತು.

ಸೆಪ್ಟೆಂಬರಿನಲ್ಲಿ ಅಕ್ಪೆನೆಗೆ ಕಾಗದ ಬರಲಿಲ್ಲ. ಕಂಪ್ಯೂಟರಿಗೆ ಪ್ರಾಸ್ಪರ್ ಇದ್ದಾನಲ್ಲ, ಇನ್ನೊಬ್ಬರು ಯಾಕೆ ಎಂದರಂತೆ. ಅವಳು ಲಾರಿ ನಿಲ್ದಾಣದ ಬಳಿ ಬಾಣಲೆ ಇಟ್ಟು ಗೆಣಸು ಕರಿಯಲು ಕೂತಳು.

ಅಕ್ಟೋಬರಿನ ಒಂದು ಬೆಳಗ್ಗೆ ಪ್ರಾಸ್ಪರ್ ಅಲ್ಲಿಗೆ ಬಂದು ನಿಂತ. ಬಿಳಿ ಅಂಗಿ, ಕೊರಳಲ್ಲಿ ಕೋಣೆಯ ಕೀಲಿ.

"ಅಕ್ಕಾ, ಪರದೆ ಕಪ್ಪಾಗ್ಬಿಟ್ಟಿದೆ. ನಿನ್ನೆಯಿಂದ. ಎರಡೂ ಕಂಡಿಗೆ ವಯರು ಹಾಕಿ ನೋಡ್ದೆ."

"ತಮಾಕ್ಲೊ ಸಾಹೇಬ್ರನ್ನ ಕರ್ಸಪ್ಪ. ಮೊದಲು ಹಚ್ಚಿದ್ದು ಅವರೇ ಅಂತ ಗೋಡೆ ಮೇಲೆ ಬರ್ಸಿದೀರಲ್ಲ."

ಅವನು ನೆಲ ನೋಡಿದ. ಒಳ್ಳೆಯ ಹುಡುಗನೇ, ಕೆಟ್ಟವನಲ್ಲ. ಮಕ್ಕಳು ಸಾಲಾಗಿ ನಿಂತಿದ್ದಾರೆ ಅಕ್ಕಾ ಎಂದ. ಅಕ್ಪೆನೆ ಬಾಣಲೆ ಇಳಿಸಿ, ಒಲೆಗೆ ಬೂದಿ ಮುಚ್ಚಿ, ಕೈ ಒರೆಸಿಕೊಂಡು ಹೊರಟಳು. ಹೋಗಬಾರದಿತ್ತು. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಮಗ್ಗುಲಿನ ತಗಡು ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಒಬ್ಬ ಹುಡುಗಿಯ ಹತ್ತಿರ ರಬ್ಬರ್ ಇಸಿದುಕೊಂಡು ಅದರ ಹಲ್ಲುಗಳನ್ನು ಉಜ್ಜಿದಳು. ಮತ್ತೆ ಟಕ್ಕೆಂದು ಕೂರಿಸಿದಳು. ಗುಂಡಿ ಒತ್ತು ಎಂದು ಪ್ರಾಸ್ಪರನಿಗೇ ಹೇಳಿ, ತಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಪರದೆ ಬೆಳಗಿತು. ಮೊದಲ ಹುಡುಗಿ ಕೂತು ಹತ್ತೂ ಬೆರಳಿನಲ್ಲಿ ತನ್ನ ಹೆಸರು ಒತ್ತಿದಳು, ಅಕ್ಷರಗಳು ಒಂದೊಂದಾಗಿ ಮೂಡಿದವು.

ಅಕ್ಪೆನೆ ಹೊರಡುವಾಗ ಪ್ರಾಸ್ಪರ್ ಬಾಗಿಲ ಬಳಿಯ ದೊಡ್ಡ ಪುಸ್ತಕ ತೆರೆದು, ಸಂಕೋಚದಿಂದ ಪೆನ್ನು ಕೊಟ್ಟ. ಹೊರಗಿನವರು ಯಾರು ಬಂದರೂ ಬರೆಸಿಕೊಳ್ಳಬೇಕೆಂದು ಹೆಡ್‌ಮಾಸ್ಟರರ ಕಟ್ಟಪ್ಪಣೆಯಂತೆ. ಅವಳು ಹೆಸರು ಬರೆದಳು, ಊರು ಬರೆದಳು. ಬಂದ ಕಾರಣ ಎಂಬಲ್ಲಿ ಪೆನ್ನು ನಿಂತಿತು.

"ಇಲ್ಲೇನಪ್ಪಾ ಬರೀಲಿ?"

"ಕಂಪ್ಯೂಟರ್ ನೋಡೋಕೆ ಅಂತ ಬರೀರಿ ಅಕ್ಕಾ. ಎಲ್ಲರೂ ಹಾಗೇ ಬರೀತಾರೆ."

ಅವಳು ಹಾಗೇ ಬರೆದಳು.