ಗ್ಲೆನಿಸ್ ಇಟ್ಟ ಚುಕ್ಕೆ

ಗ್ಲೆನಿಸ್ ಟ್ರೆಗೆನ್ಜಾ ದಣಿದು ಹೋಗಿದ್ದಾಳೆಂದು ನಮ್ಮ ಸ್ಮಿತ್ಟನ್ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ದಣಿಸಿದವನು ನಾನೆಂಬುದೂ ಗೊತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಟಾಸ್ಮೇನಿಯಾದ ಹಾಲು ಕರೆಯುವ ಯಂತ್ರಗಳಿಗೆಂದು ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದವಳು ಅವಳು. ಅದರಲ್ಲಿ ‘ತೊಳೆ’ ಎಂದು ಬರೆದರೆ ಯಂತ್ರ ತಕ್ಷಣ ಕೊಳವೆ ತೊಳೆಯುತ್ತದೆ. ಪಕ್ಕದಲ್ಲೊಂದು ಚುಕ್ಕೆ ಇಟ್ಟರೆ ಈಗ ತೊಳೆಯುವುದಿಲ್ಲ. ಆ ಕೆಲಸದ ಹೆಸರನ್ನಷ್ಟೇ ನೆನಪಿಟ್ಟುಕೊಂಡು, ಹಾಲು ಕರೆಯುವುದು ಮುಗಿದ ಮೇಲೆ ಮಾಡುತ್ತದೆ. ಸಣ್ಣ ವಯಸ್ಸಿನ ಹುರುಪಿನಲ್ಲಿ ಇಟ್ಟ ಆ ಚುಕ್ಕೆಯನ್ನು ತೆಗೆದೇ ನಿವೃತ್ತಳಾಗಬೇಕೆಂದು ಈಗ ಅವಳ ಹಟ. ಸಗಣಿ ಸಿಡಿದ ಯಂತ್ರದ ಪರದೆಯ ಮೇಲೆ ಚುಕ್ಕೆ ಯಾರಿಗೆ ಕಾಣುತ್ತದೆ ಎಂದು ಕೇಳುತ್ತಿದ್ದಳು.

ನಮ್ಮಲ್ಲೊಂದು ಕಟ್ಟಳೆ ಇದೆ. ಭಾಷೆಯಲ್ಲಿ ಏನು ಬದಲಾಗಬೇಕಾದರೂ ಗುರುವಾರದ ಸಭೆಯಲ್ಲಿ ಒಬ್ಬರೂ ಬೇಡವೆನ್ನಬಾರದು. ಚುಕ್ಕೆ ತೆಗೆಯುವ ಮಾತನ್ನು ಏಳು ಸಲ ತಂದಳು, ಏಳು ಸಲವೂ ಬೇಡವೆಂದೆ. ನಾನೂರು ಕೊಟ್ಟಿಗೆ ಅಲೆದು ಹಳೆಯ ಸಾಲುಗಳನ್ನು ತಿದ್ದಬೇಕಾದವನು ನಾನು ತಾನೇ!

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ಬರೆಯೋಕೆ ಬರೋರಿಗೆ ಚುಕ್ಕೆ ಕಾಣುತ್ತೆ ಮಾರಾಯ್ತಿ" ಎಂದು ಎಲ್ಲರೆದುರೇ ಅಂದಿದ್ದೆ. ಅವಳು ಕಣ್ಣುಜ್ಜಿಕೊಂಡು ಕಾಗದ ಮಡಚಿದ್ದಳು.

ಮಾರ್ಚಿನ ಒಂದು ಬೆಳಿಗ್ಗೆ ಮರ್ವ್ ಹಿಂಗ್ಸ್ಟನ್ ಎಂಬ ರೈತನ ಕೊಟ್ಟಿಗೆಯಲ್ಲಿ ಹಸುಗಳು ಇನ್ನೂ ನಿಂತಿರುವಾಗಲೇ ಯಂತ್ರ ತೊಳೆಯತೊಡಗಿತು. ತೊಟ್ಟಿಯ ಹಾಲಿಗೆಲ್ಲ ಕೊಳವೆ ತೊಳೆಯುವ ಬಿಸಿ ಸೋಡಾನೀರು ಬೆರೆತು, ಅಷ್ಟನ್ನೂ ಚರಂಡಿಗೆ ಸುರಿದರು. ಓಡಿಹೋಗಿ ನೋಡಿದೆ. ಹಿಂದಿನ ವಾರ ನಾನೇ ಬರೆದಿದ್ದ ಸಾಲು, ಚುಕ್ಕೆ ಇರಲಿಲ್ಲ. ಸದ್ದಿಲ್ಲದೆ ಇಟ್ಟು ಬಂದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏನೇ ಹೊಸ ಬರಹವಾದರೂ ಸಭೆಗೆ ಮೊದಲು ಒಬ್ಬ ರೈತನ ಅಡುಗೆಮನೆಯಲ್ಲಿ ಓದಿಸುವುದು ಗ್ಲೆನಿಸಳ ಪದ್ಧತಿ. ಮೇ ತಿಂಗಳಲ್ಲಿ, ಅವಳ ನಿವೃತ್ತಿಗೆ ಮುಂಚಿನ ಕಡೆಯ ಸಭೆಗೆ ಎರಡು ದಿನ ಇರುವಾಗ ಮರ್ವನ ಮನೆಗೆ ಹೊರಟಳು. ಕಾರು ಓಡಿಸಿದವನು ನಾನು. ಟೀ ಲೋಟಗಳ ನಡುವೆ ಹಾಳೆ ಹರಡಿದಳು. ಈ ಸಲ ಚುಕ್ಕೆಯ ಬದಲು ಒಂದು ಪದವೇ ಇತ್ತು: ‘ನೆನಪಿಡು ತೊಳೆ’.

"ಯಾವ್ದು ಈಗ ಆಗುತ್ತೆ, ಯಾವ್ದು ಆಮೇಲೆ? ಬೆರಳಿಡು ನೋಡೋಣ."

ಮರ್ವ್ ಕನ್ನಡಕ ಏರಿಸಿಕೊಂಡು ಎಲ್ಲಕ್ಕೂ ಸರಿಯಾಗಿ ಬೆರಳಿಟ್ಟ. ಆಮೇಲೆ ಕೈ ಹಿಂದಕ್ಕೆಳೆದುಕೊಂಡ.

"ಆವತ್ತೂ ಇಷ್ಟು ಬುದ್ಧಿ ಇದ್ದಿದ್ರೆ ಏನನ್ನೋ ಒತ್ತಿ ಹಾಲು ಹಾಳು ಮಾಡ್ತಿರ್ಲಿಲ್ಲ. ಅಪ್ಪನ ಕಾಲದಿಂದ ಒಂದು ದಿನಾನೂ ಹಾಗಾಗಿರ್ಲಿಲ್ಲ. ಈಗ ಯಂತ್ರ ಮಗಳೇ ನೋಡ್ಕೊಳ್ತಾಳೆ. ನನ್ನ ಕೈ ನಂಬೋ ಹಾಗಿಲ್ಲ."

ಥೂ, ನನ್ನ ಜನ್ಮಕ್ಕಿಷ್ಟು! ಎರಡು ತಿಂಗಳು ಈ ಮನುಷ್ಯ ತನ್ನ ಕೊಟ್ಟಿಗೆಗೇ ಹೆದರಿಕೊಂಡು ಕೂತಿದ್ದ.

"ನೀನು ಏನೂ ಒತ್ತಿಲ್ಲ ಮರ್ವ್. ಆ ಸಾಲು ಬರೆದೋನು ನಾನು. ಚುಕ್ಕೆ ಬಿಟ್ಟಿದ್ದೆ."

ಅವನು ಬೈಯಬಹುದಿತ್ತು. ಬೈಯಲಿಲ್ಲ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

ವಾಪಸು ಬರುವಾಗ ಗ್ಲೆನಿಸಳನ್ನು ಕೇಳಿದೆ: "ನಿಂಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಾಯ್ತು. ಯಾರು ಯಾವಾಗ ತಿದ್ದಿದ್ರು ಅಂತ ಯಂತ್ರದಲ್ಲಿ ಇರುತ್ತಲ್ಲ. ಮರ್ವ್ ತನ್ನ ಮೇಲೇ ಹಾಕ್ಕೊಂಡಿದಾನೆ ಅಂತ ಮಾತ್ರ ಗೊತ್ತಿರ್ಲಿಲ್ಲ."

"ಸಭೇಲಿ ಒಂದು ಮಾತು ಹೇಳಿದ್ರೆ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲೇ!"

"ಹದಿನೆಂಟು ವರ್ಷ ಇದನ್ನೇ ಬರೆದ ನಿಂಗೇ ಕಾಣ್ಲಿಲ್ಲ ಅಂದ್ರೆ ತಪ್ಪು ಚುಕ್ಕೆ ಇಟ್ಟೋಳದ್ದು ಕಣೋ ಡೆಸ್. ಅದನ್ನ ನಿನ್ನ ತಲೆಗೆ ಕಟ್ಟಿ ಗೆಲ್ಲೋದು ಬೇಕಿರ್ಲಿಲ್ಲ. ಸುಸ್ತಾಗಿದೆ, ಸುಮ್ನೆ ಓಡ್ಸು."

ಗುರುವಾರ ಎಂಟನೆಯ ಸಲ ಕೇಳಿದಳು, ಯಾರಿಗಾದರೂ ಬೇಡವೇ ಎಂದು. ಎಲ್ಲರೂ ನನ್ನತ್ತ ತಿರುಗಿದರು. ಅವಳು ಅಭ್ಯಾಸಬಲದಿಂದ ಆಗಲೇ ಕಾಗದ ಮಡಚತೊಡಗಿದ್ದಳು.

"ಮಡಚಬೇಡ" ಎಂದೆ.

ಸೋಮವಾರ ಮೊದಲು ಹೋದದ್ದು ಮರ್ವನ ಕೊಟ್ಟಿಗೆಗೆ. ಇನ್ನೂ ಮುನ್ನೂರ ತೊಂಬತ್ತೊಂಬತ್ತು ಬಾಕಿ ಇದ್ದವು, ಬೆನ್ನು ಆಗಲೇ ನೋಯುತ್ತಿತ್ತು. ಪರದೆ ಒರೆಸಿ ಪಕ್ಕಕ್ಕೆ ಸರಿದು ನಿಂತೆ. ‘ನೆನಪಿಡು ತೊಳೆ’ ಎಂಬ ಸಾಲನ್ನು ಮರ್ವನ ಕೈಯಿಂದಲೇ ಬರೆಸಿದೆ.